ಎರಡು ಗೆರೆಯ ಬಸವಣ್ಣ

ಹಿತ್ತಾಳೆಯ ಬಸವಣ್ಣನ ಹಣೆಯ ಮೇಲೆ ಎರಡು ಗೆರೆಗಳಿದ್ದವು. ಕೆತ್ತಿದವಲ್ಲ, ಸವೆದವು. ಕೊಂಬುಗಳ ನಡುವೆ ಅಡ್ಡಲಾಗಿ, ಒಂದರ ಕೆಳಗೊಂದು, ಬೆರಳಿನ ತುದಿ ಇಟ್ಟರೆ ಕೂರುವಷ್ಟು ಅಗಲ. ಅವುಗಳ ಕೆಳಗೆ ಮೂರನೆಯದಕ್ಕೂ ಜಾಗವಿತ್ತು. ಅಲ್ಲಿ ಮಾತ್ರ ಎರಕದ ಸಣ್ಣ ಒರಟು ಚುಕ್ಕೆಗಳು ಹೊಸದರಲ್ಲಿದ್ದಂತೆಯೇ ಉಳಿದಿದ್ದವು.

ಕಳೆದ ವಾರ ಬೀದರಿಗೆ ಹೋಗುವಾಗ ಬಸ್ಸು ಕಮಲಾಪುರದಲ್ಲಿ ನಿಂತಿತು. ಕಿಟಕಿಯ ಕೆಳಗಿನಿಂದ ಯಾರೋ ಬುಟ್ಟಿ ಎತ್ತಿ ಹಿಡಿದರು. ಕೆಂಪು ಬಾಳೆಹಣ್ಣಿನ ವಾಸನೆ ಒಳಗೆ ಬಂತು. ಮಳೆ ಹನಿ ಬಿದ್ದ ಸಿಪ್ಪೆಯ ವಾಸನೆ ಅದು, ಹಣ್ಣಿನದಕ್ಕಿಂತ ತುಸು ಒಗರು. ಹುಮನಾಬಾದ್ ದಾಟುವವರೆಗೂ ನಾನು ಕೈಯಲ್ಲಿದ್ದ ಪುಸ್ತಕದ ಪುಟ ತಿರುವಲಿಲ್ಲ. ಎರಡು ವರ್ಷದ ಹಿಂದಿನ ಆಷಾಢವನ್ನು ಮೊದಲಿನಿಂದ ಕೊನೆಯವರೆಗೆ ಇನ್ನೊಮ್ಮೆ ನೋಡುತ್ತಿದ್ದೆ.

ಆ ವರ್ಷ ನಾನು ಕಮಲಾಪುರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವ ಅತಿಥಿ ಉಪನ್ಯಾಸಕಿ. ಮನೆ ಕಲಬುರಗಿಯಲ್ಲಿ. ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ಮಳೆ ಜೋರಾಗಿ ಬರುತ್ತಿರಲಿಲ್ಲ. ದಿನವಿಡೀ ಗಾಳಿ, ನಡುನಡುವೆ ಜಿನುಗು. ರಸ್ತೆಯ ಎರಡೂ ಬದಿಗೆ ತೊಗರಿ ಬಿತ್ತನೆಯಾಗಿತ್ತು. ಎರೆ ಮಣ್ಣು ಚಪ್ಪಲಿಗೆ ಎಷ್ಟು ದಪ್ಪಗೆ ಮೆತ್ತಿಕೊಳ್ಳುತ್ತಿತ್ತೆಂದರೆ, ಬಸ್ ನಿಲ್ದಾಣದಿಂದ ಕಾಲೇಜು ಮುಟ್ಟುವಷ್ಟರಲ್ಲಿ ನಾನು ಎರಡು ಬೆರಳು ಎತ್ತರವಾಗಿರುತ್ತಿದ್ದೆ.

ನಮ್ಮ ಮನೆಯ ದೇವರ ಜಗಲಿಯ ಮೇಲೆ ಬಸವಣ್ಣ ಇರಲಿಲ್ಲ. ಅಪ್ಪ, ದೊಡ್ಡಪ್ಪ ಬೇರೆಯಾದಾಗ ಮನೆಯ ದೇವರುಗಳೆಲ್ಲ ಹಿರಿಯ ಮಗನ ಪಾಲಿಗೆ ಹೋದವು, ಅದು ಪದ್ಧತಿ. ಅವ್ವ ಒಂದು ದೀಪದ ಕಂಬ ಹಿಡಿದುಕೊಂಡು ಹೊರಗೆ ಬಂದಳಂತೆ. ಆಗ ನಾನಿನ್ನೂ ತೊಟ್ಟಿಲಿನಲ್ಲಿದ್ದೆ. ಅಂದಿನಿಂದ ಅವಳು ಒಂದು ಪಟದ ಮುಂದೆ ದೀಪ ಹಚ್ಚುತ್ತ ಬಂದಿದ್ದಳು. ಪಟದ ಮುಂದಿನ ಒಂದು ಗೇಣು ಜಾಗವನ್ನು ದಿನವೂ ಒರೆಸಿ ಖಾಲಿ ಬಿಡುತ್ತಿದ್ದಳು. ಯಾಕೆಂದು ನಾನು ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

ಕೆಲಸ ಸಿಕ್ಕ ಮೇಲೆ ಒಂದು ಭಾನುವಾರ ಅವ್ವ ತಾಮ್ರದ ಪಾತ್ರೆಯೊಂದಕ್ಕೆ ಕಲಾಯಿ ಹಾಕಿಸಿಕೊಂಡು ಬಾ ಎಂದು ನನ್ನನ್ನು ಮೋಮಿನಪುರಕ್ಕೆ ಕಳಿಸಿದಳು. ಅಲ್ಲಿ ಚಾಂದ್ ಚಾಚಾ ಅವರ ಅಂಗಡಿ. ಪಾತ್ರೆಗಳಿಗೆ ಕಲಾಯಿ ಹಾಕುತ್ತಾರೆ; ಹಳೆಯ ತಾಮ್ರ ಹಿತ್ತಾಳೆ ಕೊಂಡು ಕರಗಿಸಲು ಕಳಿಸುತ್ತಾರೆ. ಎಲ್ಲಕ್ಕಿಂತ ಮೇಲಿನ ಹಲಗೆಯ ಮೇಲೆ ಪಾತ್ರೆಗಳಿರಲಿಲ್ಲ. ಗಣಪತಿ, ಲಕ್ಷ್ಮಿ, ಒಂದು ಮುರಿದ ಘಂಟೆ, ಕೊನೆಯಲ್ಲಿ ಒಂದು ಗೇಣೆತ್ತರದ ಬಸವಣ್ಣ.

"ಇವು ಮಾರಾಟಕ್ಕವೇನ್ರಿ ಚಾಚಾ?"

"ಮಾರಾಟ ಎಲ್ಲಿಂದ ಬೇಟಿ, ಮೆಹಮಾನ್ ಅದಾರ. ಪಾತ್ರಿ ಭಟ್ಟಿಗಿ ಹೋಗತಾವ, ಇವ್ರಿಗಿ ಹೆಂಗ ಹಾಕೋದು? ನಮ್ಮ ಅಬ್ಬಾ ಇದ್ದಾಗಿಂದ ಹಾಕಿಲ್ಲ. ಒಬ್ಬರೂ ಬಾಡಿಗಿ ಕೊಡಂಗಿಲ್ಲ, ಒಬ್ಬರೂ ಜಾಗ ಖಾಲಿ ಮಾಡಂಗಿಲ್ಲ."

ಬಸವಣ್ಣನನ್ನು ಕೆಳಗಿಳಿಸಿ ಕೊಟ್ಟರು. ಯಾವುದೋ ಹಳೆಯ ನೀರಿನ ಹಂಡೆಯ ಒಳಗೆ, ಬಟ್ಟೆಯಲ್ಲಿ ಸುತ್ತಿಟ್ಟ ಹಾಗೆಯೇ ಬಂದಿದ್ದನಂತೆ. ಊರೂರು ತಿರುಗಿ ಪಾತ್ರೆ ಕೊಳ್ಳುವವನೊಬ್ಬ ಕಮಲಾಪುರದಿಂದ ತಂದದ್ದು.

"ಹಂಡೆ ಕರಗಿ ಹೋಗ್ಯಾದ. ಇವ ಉಳದಾನ. ಹುಡುಕ್ಕೊಂಡು ಯಾರರೆ ಬರತಾರಂತ ಎಂಟು ತಿಂಗಳಿಂದ ಇಟ್ಟೀನಿ. ನೀ ಒಯ್ಯಿ. ಆದರ ನಿನ್ನ ನಂಬರ್ ಬರದ ಕೊಡು. ಅವರು ಬಂದ್ರ ನಾ ಏನ ಹೇಳಲಿ?"

ನಂಬರ್ ಬರೆದುಕೊಟ್ಟೆ. ಯಾರೂ ಬರುವುದಿಲ್ಲ ಎಂದುಕೊಂಡು ಬರೆದುಕೊಟ್ಟೆ ಎಂಬುದನ್ನೂ ಇಲ್ಲಿ ಹೇಳಬೇಕು.

ಅವ್ವ ಬಸವಣ್ಣನನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು, ಆದರೆ ಜಗಲಿಯ ಮೇಲೆ ಇಡಲಿಲ್ಲ. ಅಡುಗೆಮನೆಯ ಕಪಾಟಿನಲ್ಲಿ ಹೊಸ ಟವೆಲ್ಲು ಹಾಸಿ ಇಟ್ಟಳು.

"ಯಾರ ಮನ್ಯಾಗ ಇದ್ದನೋ ಏನೋ. ಪತ್ತಾರ ಕಡಿ ಕೊಟ್ಟು ಉಜ್ಜಸಬೇಕು. ಮಿಷಿನ್‌ಗಿ ಹಿಡದ್ರ ಮಾರಿ ಹೊಸಾದು ಆಗತದ. ಶ್ರಾವಣ ಮೊದಲ ಸೋಮವಾರ ಕೂಡಸೂಣು."

ಪತ್ತಾರ ಎಂದರೆ ನಮ್ಮ ಓಣಿಯ ಅಕ್ಕಸಾಲಿಗ. ಅವನ ಯಂತ್ರದ ಚಕ್ರ ಎಷ್ಟು ಲೋಹವನ್ನು ತಿನ್ನುತ್ತದೆಂದು ನನಗೆ ಗೊತ್ತಿತ್ತು. ಆ ಎರಡು ಗೆರೆ ಉಳಿಯುವುದಿಲ್ಲ. ಅಂದು ಸಂಜೆ ಅವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ವಿಭೂತಿ ಎಂದರೆ ಬೂದಿ; ಬೂದಿಯಲ್ಲಿ ಮರಳಿನ ಅಂಶವಿರುತ್ತದೆ; ಹಿತ್ತಾಳೆ ಅದಕ್ಕಿಂತ ಮೆತ್ತಗೆ. ದಿನಕ್ಕೊಂದು ಸಲ ಬೆರಳು ಎಳೆದರೆ ಎಂದಾದರೂ ಸವೆಯಲೇಬೇಕು, ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ಇಷ್ಟು ಆಳಕ್ಕೆ ಸವೆಯಲು ಒಬ್ಬರ ಆಯಸ್ಸು ಸಾಲದು. ಎರಡು ತಲೆಮಾರು, ಮೂರು ತಲೆಮಾರು ಬೇಕು. ವಿಭೂತಿ ಹಚ್ಚುವುದು ಮೂರು ಬೆರಳಿನಿಂದ. ಮೂರು ತಲೆಮಾರಿನ ಜನ ಒಬ್ಬರ ಹಿಂದೆ ಒಬ್ಬರು ಎರಡೇ ಬೆರಳು ಏಕೆ ಎಳೆದರು? ಉತ್ತರ ಹೊಳೆಯಲಿಲ್ಲ. ಪತ್ತಾರನಿಗೆ ಪುರುಸೊತ್ತಿಲ್ಲವಂತೆ ಎಂದು ಅವ್ವನಿಗೆ ಒಂದು ವಾರ ಸುಳ್ಳು ಹೇಳಿದೆ.

ಆ ವಾರವೇ ಗುಂಡಮ್ಮನನ್ನು ಕಂಡದ್ದು. ಕಮಲಾಪುರದ ಬಸ್ ನಿಲ್ದಾಣದ ಗೇಟಿನ ಬಳಿ ಪ್ಲಾಸ್ಟಿಕ್ ಹಾಳೆ ಹೊದ್ದು ಕೆಂಪು ಬಾಳೆಹಣ್ಣು ಮಾರುವ ಐವತ್ತರ ಹೆಂಗಸು. ಜೂನ್ ತಿಂಗಳಿಡೀ ಅವಳ ಮುಂದೆ ಹಾದುಹೋಗಿದ್ದೆ. ಅಂದು ಜಿನುಗು ನಿಂತು, ಅವಳು ಹಾಳೆ ಸರಿಸಿ ಮುಖ ಎತ್ತಿದಳು. ಹಣೆಯ ಮೇಲೆ ವಿಭೂತಿ. ಎರಡು ಗೆರೆ.

ಮೂರು ದಿನ ಬರೀ ನೋಡಿದೆ. ಮಳೆಗೆ ತೊಳೆದು ಹೋಗಿದ್ದರೆ ಮೂರೂ ದಿನ ಒಂದೇ ಗೆರೆ ತೊಳೆದು ಹೋಗುವುದಿಲ್ಲ. ನಾಲ್ಕನೆಯ ದಿನ ಹಣ್ಣು ಕೊಂಡು ಕೇಳಿದೆ.

ಗುಂಡಮ್ಮ ನಕ್ಕಳು. "ಮೂರನೇದು ಒರಸಿ ಹೋಗ್ಯಾದ ಅನ್ಕೊಂಡ್ರೇನು ಮೇಡಂ? ಹೊಸಬರೆಲ್ಲ ಹಾಂಗೇ ಅಂತಾರ. ಒಬ್ಬಾತ ಕಂಡಕ್ಟರ್ ಅಂತೂ, 'ಯವ್ವಾ, ಇನ್ನೊಂದ ಪಟ್ಟಿ ಸಾಲ ತರಲೇನ' ಅಂದ. ಇದು ನಮ್ಮ ಮನಿ ಪದ್ಧತಿ ಅದರಿ. ಊರಾಗ ನಮಗ ಎರಡ್‌ಪಟ್ಟಿ ಮನಿಯವರು ಅಂತಾರ. ಒಂದು ಶಿವಂದು, ಒಂದು ಪಾರ್ವತಿದು. ಮಠದ ಅಯ್ನೋರೂ ಇದೇ ಹೇಳ್ಯಾರ, ಹಿರೇರು ಮಾಡಿದ್ದು ಬಿಡಬ್ಯಾಡ್ರಿ ಅಂತ."

"ನೀವು ಮದುವಿಗಿ ಮೊದಲೂ ಎರಡೇ ಹಚ್ಕೋತಿದ್ರೇನು?"

"ಇಲ್ಲರಿ, ನಮ್ಮ ತವರುಮನ್ಯಾಗ ಮೂರು. ಇಲ್ಲಿಗಿ ಬಂದ ಮೊದಲನೇ ದಿನ ಮೂರು ಹಚ್ಕೊಂಡು ಹೊರಗ ಬಂದ್ನಿ. ನಮ್ಮ ಅತ್ತಿ ಒಂದು ಮಾತು ಆಡಲಿಲ್ಲ. ಸೆರಗಿನ ತುದೀಲೆ ಕೆಳಗಿಂದು ಒರಸಿದ್ಳು. ಅವತ್ತಿಂದ ಎರಡು."

"ನಿಮ್ಮ ಮನಿ ಬಸವಣ್ಣಗೂ ಎರಡೇನು?"

ಹಣ್ಣು ಜೋಡಿಸುತ್ತಿದ್ದ ಅವಳ ಕೈ ನಿಂತಿತು. "ನಮ್ಮ ಮನ್ಯಾಗ ಬಸವಣ್ಣ ಅದಾನಂತ ನಿಮಗ ಯಾರು ಹೇಳ್ಯಾರ?"

ಫೋನಿನಲ್ಲಿ ತೆಗೆದಿಟ್ಟಿದ್ದ ಬಸವಣ್ಣನ ಚಿತ್ರ ತೋರಿಸಿದೆ. ಅವಳು ಫೋನನ್ನು ಇಸಿದುಕೊಂಡು, ಒದ್ದೆ ನೆಲವೆಂಬುದನ್ನೂ ನೋಡದೆ ಕೂತುಬಿಟ್ಟಳು. ಆಮೇಲೆ ಹೇಳಿದ್ದು ಇಷ್ಟು. ಹಿಂದಿನ ವರ್ಷ ಹಳೆಯ ಮಣ್ಣಿನ ಮನೆ ಕೆಡವಿ ಸ್ಲ್ಯಾಬಿನ ಮನೆ ಕಟ್ಟಿಸಿದರು. ಕೆಡವುವ ಮೊದಲು ದೇವರುಗಳನ್ನು ಬಟ್ಟೆಯಲ್ಲಿ ಸುತ್ತಿ ಹಂಡೆಯೊಳಗೆ ಇಟ್ಟರು. ಗಂಡ ಒಂದು ದಿನ ಬಂದು ಕೈಗೆ ಸಿಕ್ಕ ಸಣ್ಣವನ್ನೆಲ್ಲ ನಾದಿನಿಯ ಮನೆಗೆ ಸಾಗಿಸಿದ. ಬಸವಣ್ಣ ಭಾರ, ಅವನನ್ನು ಹೆಂಡತಿ ಒಯ್ಯುತ್ತಾಳೆಂದುಕೊಂಡ. ಇವಳು ಗಂಡ ಎಲ್ಲವನ್ನೂ ಒಯ್ದನೆಂದುಕೊಂಡಳು.

"ಹಂಡೆ ತೂತ ಬಿದ್ದಿತ್ತರಿ. ಕೊಟ್ಟು ಸ್ಟೀಲಿನ ಡಬರಿ ತಗೊಂಡ್ನಿ. ಕೊಟ್ಟಾಕಿ ನಾನೇ. ಇದೇ ಕೈಲೆ ಎತ್ತಿ ಕೊಟ್ಟೀನಿ. ಇಷ್ಟ ಭಾರ ಯಾಕದ ಅಂತ ಒಂದ ಸಲ ಬಗ್ಗಿ ನೋಡಲಿಲ್ಲ."

"ನಿಮ್ಮ ಅತ್ತಿಗಿ ಗೊತ್ತದೇನು?"

"ಅಯ್ಯೋ, ಬ್ಯಾಡ್ರಿ! ಆಕಿಗಿ ಕಣ್ಣು ಕಾಣಂಗಿಲ್ಲ. ಅಷ್ಟೇ ಎತ್ತರದ ಹೊಸಾವ ತಂದು ಇಟ್ಟೀವಿ. ದಿನಾ ಅವಗೇ ವಿಭೂತಿ ಹಚ್ಚತಾಳ. ನನಗ ನೋಡಾಕ ಆಗಂಗಿಲ್ಲ, ಒಳಗ ಹೋಗಿಬಿಡತೀನಿ." ಫೋನು ತಿರುಗಿ ಕೊಡುತ್ತ ನನ್ನ ಮಣಿಕಟ್ಟು ಹಿಡಿದಳು. "ಮೇಡಂ, ಆತಗ ನಮಗ ಕೊಟ್ಟುಬಿಡ್ರಿ. ಆಕಿ ಹೋಗೋದ್ರೊಳಗ ಒಂದ ಸಲರೆ ಖರೇ ದೇವರಿಗಿ ಕೈ ಮುಟ್ಟಸಲಿ."

ಅಂದು ಮನೆಗೆ ಬಂದಾಗ ಅವ್ವ ಪತ್ತಾರನನ್ನು ಖುದ್ದು ಕಂಡು ಬಂದಿದ್ದಳು. ಶುಕ್ರವಾರ ತರಲು ಹೇಳಿದ್ದನಂತೆ. ನನ್ನ ಒಂದು ವಾರದ ಸುಳ್ಳಿನ ಬಗ್ಗೆ ಏನೂ ಕೇಳದೆ, ಉತ್ತರಕ್ಕೆ ಕಾದಳು. ಎಲ್ಲವನ್ನೂ ಹೇಳಿದೆ.

"ಮನಿಗಿ ಬಂದ ದೇವರಿಗಿ ಹೊಳ್ಳಿ ಕಳಸತಾರೇನು?" ಎಂದಳು. "ಅವರು ಕೊಟ್ಟಾರ, ನಾವು ತಂದೀವಿ. ಕದ್ದೀವೇನು?"

ಅವಳು ರೊಟ್ಟಿ ಬಡಿಯುತ್ತಲೇ ಇದ್ದಳು. ಮೂರನೆಯ ರೊಟ್ಟಿ ಹಂಚಿನ ಮೇಲೆ ಸೀದಿತು, ನೋಡಲಿಲ್ಲ. ಆಮೇಲೆ ನನ್ನ ಕಡೆ ತಿರುಗದೆಯೇ ಕೇಳಿದಳು:

"ಆ ಮುದುಕಿ ಎಷ್ಟು ವರ್ಷ ಹಚ್ಚ್ಯಾಳ?"

"ಅರವತ್ತರ ಮ್ಯಾಲ ಆಗಿರಬೇಕವ್ವಾ."

"ನಾ ನಿಮ್ಮ ದೊಡ್ಡಪ್ಪನ ಮನ್ಯಾಗ ನಮ್ಮ ಬಸವಣ್ಣಗ ಹಚ್ಚಿದ್ದು ನಾಕ ವರ್ಷ. ಇವತ್ತಿಗೂ ಮುಂಜಾನೆ ಕೈ ತಾನ ಎತ್ತತದ." ಸೀದ ರೊಟ್ಟಿಯನ್ನು ತೆಗೆದು ಪಕ್ಕಕ್ಕಿಟ್ಟಳು. "ಕೊಟ್ಟ ಬಾ. ಆದರ ಖಾಲಿ ಕೈಲೆ ಬರಬ್ಯಾಡ. ಆ ಹೊಸಾವಗ ಅವರೇನು ಮಾಡತಾರ, ಕೇಳು."

ಗುರುವಾರ ಮೊದಲ ಬಸ್ಸಿಗೆ ಹೋದೆ. ಬಸವಣ್ಣ ನನ್ನ ತೊಡೆಯ ಮೇಲಿನ ಚೀಲದಲ್ಲಿ, ಟವೆಲ್ಲಿನೊಳಗೆ. ಗುಂಡಮ್ಮ ಮನೆಯ ಮುಂದೆಯೇ ಕಾಯುತ್ತಿದ್ದಳು. ಅವಳ ಗಂಡ ಕೆಲಸಕ್ಕೆ ಹೋಗಿಯಾಗಿತ್ತು. ಉಪಾಯವನ್ನೆಲ್ಲ ಅವಳೇ ಮಾಡಿಟ್ಟಿದ್ದಳು. ಸ್ನಾನ ಮುಗಿಸಿದ ಅತ್ತೆ ಪಡಸಾಲೆಯಲ್ಲಿ ಕೂತಿರುತ್ತಾಳೆ. ನಾನು ಹೋಗಿ ಅವಳೊಡನೆ ಮಾತಾಡಬೇಕು. ಅಷ್ಟರಲ್ಲಿ ಇವಳು ಹೊಸಬನನ್ನು ತೆಗೆದು ಹಳಬನನ್ನು ಇಡುತ್ತಾಳೆ. ಅತ್ತೆಗೆ ಏನೊಂದೂ ತಿಳಿಯಬಾರದು.

ಗುಂಡಮ್ಮನ ಅತ್ತೆ, ಅಜ್ಜಿ ವಯಸ್ಸಿನ ಚಂದಮ್ಮ ಆಯಿ ಗೋಡೆಗೊರಗಿ ಕೂತಿದ್ದಳು. ತೀರ ಸಣ್ಣ ಆಳು, ಬೆಳ್ಳನೆಯ ಒದ್ದೆ ಕೂದಲು ಬೆನ್ನ ಮೇಲೆ ಹರಡಿತ್ತು. ಯಾರ ಮಗಳು, ಯಾವ ಓಣಿ, ತಾಯಿಯ ತವರು ಯಾವುದು, ಎಲ್ಲ ಕೇಳಿದಳು. ಬಿಎಸ್ಸಿಯ ಮೇಲೆ ಎಮ್ಮೆಸ್ಸಿ ಎಂದಾಗ, "ಇನ್ನೂ ಎಷ್ಟು ಓದತೀಯವ್ವಾ, ಪುಸ್ತಕ ಮುಗೀಲಿಲ್ಲೇನು?" ಎಂದು ನಕ್ಕಳು. ಒಳಗಿನಿಂದ ಗುಂಡಮ್ಮ ಕೆಮ್ಮಿದಳು. ಅದು ಸನ್ನೆ.

ಆಯಿಯನ್ನು ಕೈಹಿಡಿದು ಜಗಲಿಯ ಮುಂದೆ ಕೂರಿಸಿದೆ. ನೀರು ಚಿಮುಕಿಸಿ, ವಿಭೂತಿಯ ಗಟ್ಟಿಯ ಮೇಲೆ ಬೆರಳುಗಳನ್ನು ತಿಕ್ಕಿದಳು. ಮೊದಲು ಎಡಗೈಯಿಂದ ಬಸವಣ್ಣನ ಕೊಂಬು ಹುಡುಕಿ ಹಿಡಿದುಕೊಂಡು, ಬಲಗೈಯನ್ನು ಹಣೆಗೆ ತಂದಳು. ಉಂಗುರದ ಬೆರಳು ಮಡಚಿ ಅಂಗೈಯೊಳಗೆ ಹೋಯಿತು. ಉಳಿದೆರಡು ಬೆರಳು ಆ ಸವೆದ ಗೆರೆಗಳಲ್ಲಿ ಇಳಿದವು, ಕೀಲಿ ತನ್ನ ಬೀಗದಲ್ಲಿ ಇಳಿದಂತೆ ಅಲುಗದೆ. ಅಲ್ಲೇ ನಿಂತವು.

ಗುಂಡಮ್ಮ ಬಾಗಿಲಿನಲ್ಲಿ ನಿಂತಿದ್ದಳು. ಆಯಿ ಎಷ್ಟು ಹೊತ್ತು ಹಾಗೆ ಕೂತಿದ್ದಳೋ ಹೇಳಲಾರೆ. ಸಮಯ ನೋಡುವುದು ನನ್ನ ಅಭ್ಯಾಸ, ಅಂದು ನೋಡಲಿಲ್ಲ. ಆಮೇಲೆ ಬೆರಳುಗಳನ್ನು ನಿಧಾನವಾಗಿ ಎಳೆದು, ಎಂದಿನ ದನಿಯಲ್ಲಿ, "ಗುಂಡಮ್ಮಾ, ಈ ಹುಡುಗಿಗಿ ಚಹಾ ಮಾಡ" ಎಂದಳು.

ಗುಂಡಮ್ಮ ನನ್ನತ್ತ ಕಣ್ಣು ಮಿಟುಕಿಸಿ ಒಳಗೆ ಹೋದಳು. ಸ್ಟೋವಿನ ಸದ್ದು ಶುರುವಾಗುವವರೆಗೆ ಆಯಿ ಕಾದಳು.

"ನೀ ತಂದೀಯೇನು ಇವಗ?"

ನಾನು ಹೌದೆನ್ನುವಂತೆ ಅವಳ ಕೈ ಮುಟ್ಟಿದೆ.

"ಮೊದಲನೇ ದಿನನೇ ಗೊತ್ತಾಗ್ಯಾದ. ಆ ಹೊಸಾವನ ಹಣಿ ಸ್ಟೀಲಿನ ತಾಟಿನಂಗ ನುಣ್ಣಗದ. ಕಣ್ಣು ಹೋದ್ರ ಕೈ ಹೋಗ್ಯಾವೇನು?"

"ಮತ್ತ ಯಾಕ ಕೇಳಲಿಲ್ಲ, ಆಯಿ?"

"ಕೇಳಿದ್ರ ಆಕಿ ಅನ್ನ ಬಿಡತಿದ್ಳು. ಮೊದಲೇ ದಿನಾ ಒಳಗ ಹೋಗಿ ಅಳತಾಳ, ನನಗ ಕೇಳಸಂಗಿಲ್ಲ ಅಂತ ತಿಳದಾಳ." ಆಯಿ ಮತ್ತೆ ಬಸವಣ್ಣನ ಹಣೆ ಮುಟ್ಟಿದಳು. "ಇವು ಎರಡು ಯಾಕ ಅಂತ ಆಕಿ ಏನ ಹೇಳ್ಯಾಳ ನಿನಗ? ಶಿವ ಪಾರ್ವತಿ?"

"ಹೌದ್ರಿ."

"ಛಲೋ ಅದ. ಅಯ್ನೋರಿಗೂ ಛಲೋ ಅನಸ್ಯಾದ." ನಕ್ಕಳು. ಆಮೇಲೆ ದನಿ ಇಳಿಸಿ ಹೇಳಿದಳು.

ಆಯಿಯ ಅತ್ತೆ ಈರಮ್ಮ. ಅವಳಿನ್ನೂ ಹೊಸ ಸೊಸೆಯಾಗಿದ್ದಾಗ ಗಂಡ ಎಮ್ಮೆಗೆ ಜೋಳದ ದಂಟು ಕಡಿಯುತ್ತಿದ್ದ. ಈರಮ್ಮ ದಂಟಿನ ಸೂಡು ಒಡ್ಡಿ ಹಿಡಿಯುತ್ತಿದ್ದಳು. ಕೊಡಲಿ ಜಾರಿ ಬಲಗೈಯ ಉಂಗುರದ ಬೆರಳು ಹೋಯಿತು. ಆಮೇಲೆ ಅವಳು ಹಚ್ಚಿದ್ದೆಲ್ಲ ಎರಡೇ ಗೆರೆ. ಚಂದಮ್ಮ ಆ ಮನೆಗೆ ಬಂದಾಗ ಹನ್ನೆರಡು ವರ್ಷದ ಹುಡುಗಿ. ಅತ್ತೆಯ ಪೂಜೆ ನಸುಕಿನಲ್ಲೇ ಮುಗಿಯುತ್ತಿತ್ತು. ಸೊಸೆ ಎದ್ದು ಬಂದು ನೋಡುತ್ತಿದ್ದದ್ದು ದೇವರ ಹಣೆಯನ್ನು. ಅಲ್ಲಿ ಎರಡು ಗೆರೆ. ಅತ್ತೆಯ ಹಣೆಯಲ್ಲಿ ಎರಡು. ಮಾವನ ಹಣೆಗೆ ಹಚ್ಚುವವಳೂ ಅತ್ತೆಯೇ, ಅಲ್ಲೂ ಎರಡು. ಈ ಮನೆಯ ಪದ್ಧತಿ ಇದು ಎಂದುಕೊಂಡಳು. ತನ್ನ ಪಾಳಿ ಬಂದಾಗ ಹಾಗೆಯೇ ಹಚ್ಚಿದಳು.

"ಬೆರಳು ಇಲ್ಲದ್ದು ನಿಮಗ ಕಾಣಲಿಲ್ಲೇನು?"

"ಕಾಣತಿತ್ತು. ಬೆರಳಿನ ಮಾತು ಬ್ಯಾರೆ, ದೇವರ ಮಾತು ಬ್ಯಾರೆ ಅನ್ಕೊಂಡಿದ್ನಿ. ಅತ್ತಿಗಿ ಕೇಳಾಕ ಧೈರ್ಯ ಯಾರಿಗಿತ್ತು? ಆಕಿ ಹಾಸಿಗಿ ಹಿಡದಾಗ ಒಂದಿನ ಮುಂಜಾನೆ ಆಕಿ ಹಣಿಗಿ ನಾನೇ ಹಚ್ಚಿದ್ನಿ. ಆಕಿ ಕೈ ಎತ್ತಿ ಮುಟ್ಟಿ ನೋಡಿಕೊಂಡ್ಳು. 'ಯಾಕವ್ವಾ ಎರಡು? ನಿನ್ನ ಬೆರಳು ಮೂರೂ ಸುದ್ದ ಅದಾವಲ್ಲ?' ಅಂದ್ಳು. 'ನೀವು ಹಚ್ಚಿದಂಗ ಹಚ್ಚೀನ್ರಿ' ಅಂದ್ನಿ. 'ಎಷ್ಟು ವರ್ಷ ಆತು?' ಅಂದ್ಳು. 'ಬಂದಾಗಿಂದ' ಅಂದ್ನಿ. ನಕ್ಕಳು ನೋಡು, ಹಾಸಿಗಿ ಅಲಗಾಡೋಹಂಗ ನಕ್ಕಳು. ನಗತಾ ನಗತಾ ಅಳಾಕತ್ತಿದ್ಳು. 'ಹುಚ್ಚಿ, ಹುಚ್ಚಿ' ಅಂದು ನನ್ನ ಈ ಬೆರಳು ಹಿಡಕೊಂಡು ಕುಂತಳು."

ಒಳಗೆ ಲೋಟಗಳ ಸದ್ದು ಕೇಳಿಸಿತು. ಆಯಿ ಬೇಗ ಬೇಗ ಮಾತು ಮುಗಿಸಿದಳು.

"ಆಕಿ ಮಣ್ಣಿಗಿ ಹೋದ ಮ್ಯಾಲ ಮೂರು ಹಚ್ಚಾಕ ಹೋದ್ನಿ. ಬೆರಳು ಏಳಲಿಲ್ಲ. ಆ ಜಾಗ ಆಕಿದು. ಅಲ್ಲಿ ನಾ ಹೆಂಗ ಹಚ್ಚಲಿ? ಗುಂಡಮ್ಮ ಬಂದ ದಿನ ಮೂರು ಹಚ್ಕೊಂಡು ಬಂದ್ಳು, ಒರಸಿದ್ನಿ. ಯಾಕಂತ ಹೇಳಲಿಲ್ಲ. ಹೇಳಿದ್ರ ಅದು ಬರೇ ಬೆರಳಿನ ಕಥಿ ಆಗತಿತ್ತು."

ನಾನು ಆ ಖಾಲಿ ಜಾಗವನ್ನು ನೋಡಿದೆ. ಇಷ್ಟು ದಿನ ಕಿಟಕಿಯ ಬೆಳಕಿಗೆ ಹಿಡಿದು ಲೆಕ್ಕ ಹಾಕಿದ್ದು ಸವೆದ ಜಾಗವನ್ನು. ಸವೆಯದೆ ಉಳಿದ ಜಾಗಕ್ಕೂ ಅಷ್ಟೇ ವರ್ಷ ಹಿಡಿದಿತ್ತು. ಒಬ್ಬ ಹೆಂಗಸಿನ ಇಲ್ಲದ ಬೆರಳನ್ನು ಇನ್ನೊಬ್ಬಳು, ಅವಳ ನಂತರ ಮತ್ತೊಬ್ಬಳು, ದಿನವೂ ತಮ್ಮ ಬೆರಳು ಮಡಚಿ ಕಾದಿದ್ದರು. ಮತ್ತೊಬ್ಬಳಿಗೆ ತಾನು ಕಾಯುತ್ತಿರುವುದು ಏನೆಂದು ಸಹ ಗೊತ್ತಿರಲಿಲ್ಲ. ಆ ಒರಟು ಹಿತ್ತಾಳೆಯನ್ನು ಮುಟ್ಟಬೇಕೆನಿಸಿತು. ಮುಟ್ಟಲಿಲ್ಲ.

"ಗುಂಡಮ್ಮಗ ಹೇಳಬ್ಯಾಡ," ಎಂದಳು ಆಯಿ. "ನನಗ ಗೊತ್ತಿತ್ತಂತ ಹೇಳಬ್ಯಾಡ. ಎಂಟು ತಿಂಗಳು ಸುಳ್ಳ ದೇವರಿಗಿ ಹಚ್ಚಸಿದ್ನಲ್ಲಾ ಅಂತ ಸಾಯೋತನ ಕೊರಗತಾಳ. ಸುಳ್ಳ ದೇವರು ಅಂತ ಇರತಾನೇನು ಮತ್ತ? ಅವಗೂ ನಾ ಮನಸಿಟ್ಟೇ ಹಚ್ಚೀನಿ."

ಗುಂಡಮ್ಮ ಚಹಾ ತಂದಳು. ನಾವು ಮಳೆಯ ಬಗ್ಗೆ ಮಾತಾಡಿದೆವು.

ಹೊರಡುವಾಗ ಗುಂಡಮ್ಮ ಹೊಸ ಬಸವಣ್ಣನನ್ನು ನನ್ನ ಟವೆಲ್ಲಿನಲ್ಲೇ ಸುತ್ತಿ ಚೀಲದಲ್ಲಿಟ್ಟಳು. ಸಂಜೆ ಅವ್ವ ಬಿಚ್ಚಿ ನೋಡಿ, ನುಣ್ಣನೆಯ ಹಣೆಯ ಮೇಲೆ ಹೆಬ್ಬೆರಳು ಆಡಿಸಿದಳು. ಪತ್ತಾರನ ಸುದ್ದಿ ಎತ್ತಲಿಲ್ಲ. "ಆ ಮುದುಕಿ ಎಂಟು ತಿಂಗಳು ಹಚ್ಚಿದ್ದು ಇವಗೇ ಅಲ್ಲೇನು?" ಎಂದು ಕೇಳಿದಳು. ಹೌದೆಂದೆ. ಶ್ರಾವಣಕ್ಕೆ ಕಾಯದೆ ಆ ಒಂದು ಗೇಣು ಜಾಗದಲ್ಲಿ ಅವನನ್ನು ಕೂರಿಸಿದಳು.

ಮರುದಿನ ಬೆಳಿಗ್ಗೆ ಎಂದಿನ ಬಸ್ಸಿಗೆ ಕಮಲಾಪುರಕ್ಕೆ ಹೋದೆ. ಗುಂಡಮ್ಮ ಗೇಟಿನ ಬಳಿ ಬುಟ್ಟಿ ಬಿಟ್ಟು ಎದ್ದು ಬಂದು, ನನ್ನನ್ನು ಪಕ್ಕಕ್ಕೆ ಎಳೆದುಕೊಂಡಳು.

"ನಿನ್ನೆ ನಾ ಒಳಗ ಹೋದಾಗ ಆಯಿ ಏನರೆ ಅಂದ್ಳೇನ್ರಿ? ಕೈಗಿ ಏನರೆ ಫರಕ್ ಹತ್ತಿತೇನು?"

ಅವಳ ಮುಖವನ್ನೇ ನೋಡುತ್ತ, "ಇಲ್ಲಕ್ಕಾ. ನಮ್ಮವ್ವನ ತವರುಮನಿ ಯಾವದು ಅಂತ ಕೇಳಿದ್ರು, ಅಷ್ಟೇ" ಎಂದೆ.

ಗುಂಡಮ್ಮ ದೊಡ್ಡದಾಗಿ ಉಸಿರು ಬಿಟ್ಟಳು. ಆಮೇಲೆ ನಕ್ಕಳು. "ನಾ ಹೇಳಿದ್ದಿಲ್ಲೇನು? ಪಾಪ, ಆಕಿಗಿ ಏನೂ ತಿಳಿಯಂಗಿಲ್ಲ."

ನಾನು ಹೌದೆಂದು ತಲೆಯಾಡಿಸಿ, ಕೆಸರು ದಾಟಿ ಕಾಲೇಜಿನ ಕಡೆ ನಡೆದೆ.